ಕಡಲ ನೀರು ಮುಟ್ಟಿ ಬಂದವರು

ಇವತ್ತು ಬೆಳಿಗ್ಗೆ ಭರಣಿಯಲ್ಲಿದ್ದ ಉಪ್ಪು ಒದ್ದೆಯಾಗಿ ಗಟ್ಟಿಕಟ್ಟಿತ್ತು. ಸೊಸೆ ಗೊಣಗಿದಳು, ನನಗೆ ಮಾತ್ರ ಒಳಗೊಳಗೇ ಖುಷಿ. ಪಡುವಣ ಗಾಳಿಗೆ ತೇವ ಬಂತು ಎಂದು ಪಂಚಾಂಗಕ್ಕಿಂತ ಮೊದಲು ಹೇಳುವುದು ಉಪ್ಪೇ ಅಲ್ಲವೇ? ಆ ತೇವ ಎಲ್ಲಿಂದ ಹೊರಟದ್ದೆಂದು ನನಗೆ ತಿಳಿಸಿಕೊಟ್ಟವರು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಖಾದರ್ ಸಾಹೇಬರು.

ನಿಜಾಮರ ಕಾಲ. ನಾನು ಕೊಪ್ಪಳದ ಶಾಲೆಯೊಂದರಲ್ಲಿ ಹೊಸ ಮಾಸ್ತರ. ಉರ್ದು ಪುಸ್ತಕದ ಭೂಗೋಳವನ್ನು ಹಿಂದಿನ ದಿನ ಬಾಯಿಪಾಠ ಮಾಡಿ ಮರುದಿನ ಮಕ್ಕಳಿಗೆ ಒಪ್ಪಿಸುತ್ತಿದ್ದೆ. ತುಂಗಭದ್ರೆಗಿಂತ ದೊಡ್ಡ ನೀರು ಕಂಡವನಲ್ಲ. ಮಳೆ ಸಮುದ್ರದಿಂದ ಬರುತ್ತದೆಂದು ಗಂಭೀರವಾಗಿ ಸಾರಿದ ದಿನ ನೀಲವ್ವ ಎಂಬ ಹುಡುಗಿ ಎದ್ದು ನಿಂತಳು.

"ಸಮುದ್ರದ ನೀರು ಉಪ್ಪು ಅಂದ್ರಿ. ಮಳಿ ನೀರು ಯಾಕ ಸಪ್ಪಗೈತ್ರಿ?"

ಪುಸ್ತಕದಲ್ಲಿ ಅದಿರಲಿಲ್ಲ. ಅಧಿಕಪ್ರಸಂಗವೆಂದು ಗದರಿ ಹೊರಗೆ ನಿಲ್ಲಿಸಿದೆ. ಮರುದಿನ ಅವಳು ಬರಲಿಲ್ಲ, ವಾರವಾದರೂ ಬರಲಿಲ್ಲ. ಅವರಪ್ಪ ಶಾಲೆ ಬಿಡಿಸಿದನಂತೆ ಎಂದು ಮಕ್ಕಳು ಹೇಳಿದರು. ಹಾಜರಿ ಕರೆಯುವಾಗ ಅವಳ ಹೆಸರು ಹಾರಿಸತೊಡಗಿದೆ.

ರಜೆಯ ದಿನ ಖಾದರ್ ಸಾಹೇಬರು ನಮ್ಮ ಅಂಗಳದಲ್ಲಿ ತಿದಿ ಒತ್ತುತ್ತ ಕೂತಿದ್ದಾಗ ಈ ಸಂಗತಿ ಬಾಯಿಂದ ಜಾರಿತು. ಹರೆಯದಲ್ಲಿ ಅವರು ಮುಂಬಯಿಯಿಂದ ಹಡಗು ಹತ್ತಿ ಖಲಾಸಿಯಾಗಿ ದುಡಿದವರು. ದಿನಕ್ಕೆ ಹಲವು ಸಲ ಬಕೆಟ್ ಇಳಿಬಿಟ್ಟು ಕಡಲ ನೀರು ಎತ್ತುತ್ತಿದ್ದರು; ಅಧಿಕಾರಿ ಅದರ ಬಿಸಿ ಅಳೆದು ಬರೆದುಕೊಳ್ಳುತ್ತಿದ್ದ. ಇವರೂ ಕೈ ಅದ್ದಿ ನೋಡುತ್ತಿದ್ದರು. ಮಳೆಗಾಲದಲ್ಲಿ ಅರಬರ ದಂಡೆಯ ಬಳಿ ನೀರು ಒಮ್ಮೆಲೇ ತಣ್ಣಗಾಗುತ್ತಿತ್ತಂತೆ. ಜೋರು ಗಾಳಿ ಮೇಲಿನ ಬೆಚ್ಚನೆಯ ನೀರನ್ನು ಆಚೆ ತಳ್ಳಿದಾಗ ಆಳದ ತಣ್ಣೀರು ಮೇಲೇಳುತ್ತದೆ; ಅದೇ ಗಾಳಿ ಮುಂದೆ ಬೆಚ್ಚನೆಯ ಕಡಲು ಹಾದು, ತೇವ ಹೀರಿಕೊಂಡು ನಮ್ಮ ಕಡೆ ಬರುತ್ತದೆ ಎಂದರು. ಆಮೇಲೆ ಉಪ್ಪುನೀರು ಕುದಿಸಿ, ಮುಚ್ಚಳಕ್ಕೆ ಹತ್ತಿದ ಹನಿಗಳನ್ನು ನನ್ನ ಅಂಗೈಗೆ ಸುರಿದರು. ನೆಕ್ಕಿ ನೋಡಿದೆ. ಉಪ್ಪಿರಲಿಲ್ಲ.

"ಉಪ್ಪು ತಳದಾಗ ಉಳಿತೈತಿ, ಉಗಿ ಅಷ್ಟ ಹೋಗತೈತಿ. ನನ್ನ ಮುಂದ ಯಾಕ ಮುಖ ಸಣ್ಣದು ಮಾಡ್ತೀರಿ? ಆ ಹುಡುಗಿ ಮನಿಗೆ ಹೋಗ್ರಿ, ಮಾಸ್ತರ."

ಹೋದೆ. ಕೊಪ್ಪಳಕ್ಕೆ ಹತ್ತಿಕೊಂಡೇ ಇರುವ ಭಾಗ್ಯನಗರದಲ್ಲಿ ಅವರದು ನೇಕಾರರ ಮನೆ. ಮಾಸ್ತರನೇ ಬಾಗಿಲಿಗೆ ಬಂದದ್ದು ಕಂಡು ಅವರಪ್ಪ ಮಗ್ಗ ನಿಲ್ಲಿಸಿದ. ಅವರದೇ ಒಲೆಯ ಮೇಲೆ ಉಪ್ಪುನೀರಿಟ್ಟು, ನೀಲವ್ವನ ಕೈಗೆ ಹನಿ ಸುರಿದೆ. ಅವಳು ರುಚಿ ನೋಡಿ ಕಣ್ಣರಳಿಸಿದಳು.

"ನಿಂದೇನೂ ತಪ್ಪಿಲ್ಲವ್ವಾ," ಎಂದೆ. "ನನಗ ಗೊತ್ತಿದ್ದಿಲ್ಲ. ಅದಕ್ಕ ಸಿಟ್ಟು ಬಂತು."

ಅವರಪ್ಪ ತಾನೂ ಒಂದು ಹನಿ ನೆಕ್ಕಿ ನೋಡಿದ. ನಾಳೆಯಿಂದ ಕಳಿಸುತ್ತೇನೆ ಎಂದ.

ಬಂದವಳು ಸುಮ್ಮನಿದ್ದಳೇ? ಹೊಳೆಯ ನೀರೆಲ್ಲ ಸಿಹಿಯಿದ್ದು ಸಮುದ್ರ ಹೇಗೆ ಉಪ್ಪಾಯಿತು ಎಂದಳು. ಮತ್ತೆ ಖಾದರ್ ಸಾಹೇಬರ ಬಳಿಗೆ ಓಡಿದೆ. ತಮಗೂ ತಿಳಿಯದೆಂದು ಅವರು ಹಾಯಾಗಿ ನಕ್ಕರು. ಆ ನಗು ಕಲಿಸಿದಷ್ಟನ್ನು ಯಾವ ಪುಸ್ತಕವೂ ನನಗೆ ಕಲಿಸಲಿಲ್ಲ. ನೀಲವ್ವನ ಪ್ರಶ್ನೆಗೆ ಉತ್ತರ ಹುಡುಕಿಕೊಡಲು ನನಗೆ ಎರಡು ವರ್ಷ ಹಿಡಿಯಿತು, ಅವಳು ಕಾದಳು.

ಈಗ ಮೊಮ್ಮಗಳು ಪತ್ರಿಕೆ ಹಿಡಿದು ಬಂದಿದ್ದಾಳೆ. ಸಮುದ್ರ ಬಿಸಿಯಾಗುತ್ತಿದೆಯಂತೆ, ಹಾಗಾದರೆ ನಮ್ಮ ಮಳೆ ಏನಾಗುತ್ತದೆ ಎಂದು ಕೇಳುತ್ತಿದ್ದಾಳೆ. ಪೂರ್ತಿ ನನಗೆ ಗೊತ್ತಿಲ್ಲವ್ವ, ಕೂಡು, ಇಬ್ಬರೂ ಓದೋಣ ಎಂದೆ. ಹಾಗೆ ಹೇಳುವಾಗ ನಾಲಿಗೆ ಒಂದಿಷ್ಟೂ ತೊದಲಲಿಲ್ಲ.