ವೆನ್ಸ್‌ಡೇ ಒಳಗಿನ ಡಿ

ನಾನು ಚಿಕ್ಕವನಿದ್ದಾಗ, ನನಗೆ ಈ ಜನ್ಮದಲ್ಲಿ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿದವರು ಬ್ಯಾಡಗಿಯಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರೇ.

ಅಂದು ಉಕ್ತಲೇಖನವಿತ್ತು. ಮಾಸ್ತರರು ‘ವೆನ್ಸ್‌ಡೇ’ ಎಂದರು. ಕನ್ನಡದಲ್ಲಿ ಅಂದಂತೆ ಬರೆದು ರೂಢಿಯಿದ್ದ ನಾನು ಕಿವಿಗೆ ಬಿದ್ದಷ್ಟನ್ನೇ ಬರೆದೆ. ನಡುವಿನ ಡಿ ಬಿಟ್ಟುಹೋಯಿತು. ಅವರು ನನ್ನ ಪಾಟಿ ಎತ್ತಿ ಎಲ್ಲರಿಗೂ ತೋರಿಸಿದರು.

“ಡಿ ಎಲ್ಲಿ ಹೋತೋ? ಮೆಣಸಿನಕಾಯಿ ತೊಟ್ಟು ಮುರದಂಗ ಮುರದು ಒಗದಿ ಏನು? ತೊಟ್ಟು ಮುರಿಯೋರ ಮನ್ಯಾಗ ಇಂಗ್ಲಿಷ್ ಹುಟ್ಟೂದಿಲ್ಲ ಬಿಡು.”

ಕ್ಲಾಸೆಲ್ಲ ನಕ್ಕಿತು. ನಮ್ಮ ಮನೆಯ ಹೆಂಗಸರು ಮೆಣಸಿನಕಾಯಿ ಅಂಗಡಿಗಳಲ್ಲಿ ತೊಟ್ಟು ಮುರಿಯಲು ಹೋಗುವುದು ಎಲ್ಲರಿಗೂ ಗೊತ್ತಿತ್ತು.

ಪಾಟಿ ಬಗಲಲ್ಲಿಟ್ಟುಕೊಂಡು ನೇರ ಅಕ್ಕನ ಬಳಿ ಓಡಿದೆ. ಕೆಂಪು ರಾಶಿಯ ಮುಂದೆ ಮೂಗಿಗೆ ಅರಿವೆ ಕಟ್ಟಿಕೊಂಡು ಅವಳು ಕೂತಿದ್ದಳು. ಆ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ನಾನು ಅಳುತ್ತಿದ್ದೇನೆಂದು ಯಾರಿಗೂ ತಿಳಿಯಲಿಲ್ಲ. ಅಕ್ಕ ನನಗಿಂತ ಜಾಣೆ. ಆದರೂ ಏಳನೆಯ ಇಯತ್ತೆಗೆ ಅಪ್ಪ ಅವಳ ಶಾಲೆ ಬಿಡಿಸಿದ್ದ. ಒಬ್ಬರನ್ನಷ್ಟೇ ಓದಿಸಲು ಆದೀತು, ಗಂಡುಹುಡುಗ ಓದಲಿ ಎಂದಿದ್ದ.

ನಾನೂ ಶಾಲೆ ಬಿಡುತ್ತೇನೆ ಎಂದೆ. ಅಕ್ಕನ ಕೈ ನಿಂತಿತು.

“ನೀನೂ ಬಿಟ್ಟರ, ನಾ ಬಿಟ್ಟದ್ದು ದಂಡ ಆತಲ್ಲೋ.”

ಆಮೇಲೆ ನೆಲಕ್ಕೆ ಉದುರಿದ್ದ ಬೀಜಗಳನ್ನು ಬೆರಳಿಂದ ಸರಿಸಿ, ಆ ಪದವನ್ನು ಅಕ್ಷರ ಅಕ್ಷರವಾಗಿ ಜೋಡಿಸಿದಳು. ಡಿ ಮಾತ್ರ ದೊಡ್ಡದು ಮಾಡಿದಳು. “ಇದು ಬಾಯಿಗೆ ಬರೂದಿಲ್ಲ, ಕೈಗೆ ಬರಬೇಕು. ಬರಿಯುವಾಗ ಮನಸಿನ್ಯಾಗ ವೆಡ್-ನೆಸ್-ಡೇ ಅನ್ಕೋ.”

ಹೀಗೆಯೇ ‘ನೈಫ್’ ಮುಂದಿನ ಕೆ, ‘ಐಲ್ಯಾಂಡ್’ ನಡುವಿನ ಎಸ್ ಕಲಿತೆ. ಗಾಳಿ ಬಂದರೆ ಪದ ಚೆದುರುತ್ತಿತ್ತು. ಅಕ್ಕ ಮತ್ತೆ ಜೋಡಿಸುತ್ತಿದ್ದಳು.

ಮಕ್ಕಳೇ, ನೀವು ತಪ್ಪು ಬರೆದರೆ ಫೋನು ಕೆಳಗೊಂದು ಕೆಂಪು ಗೆರೆ ಎಳೆದು ತಾನೇ ತಿದ್ದಿಕೊಡುತ್ತದೆ. ನನ್ನನ್ನು ತಿದ್ದಿದ ಬೆರಳುಗಳೂ ಕೆಂಪಗಿದ್ದವು. ಆದರೆ ಅವು ಉರಿಯುತ್ತಿದ್ದವು. ಮನೆಗೆ ಬಂದು ಅಕ್ಕ ಅವನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂರುತ್ತಿದ್ದಳು. ನಿಮ್ಮ ವಯಸ್ಸಿನ ನನ್ನ ಮೊಮ್ಮಗಳಿಗೆ ಈಗ ಶಾಲೆ ಬಿಡು ಎನ್ನುವವರಿಲ್ಲ. ಅಷ್ಟಾದರೂ ಆಯಿತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನೇ. ಅದನ್ನು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ. ಹಾವೇರಿಯಿಂದ ಬಸ್ಸಿನಲ್ಲಿ ಸರ್ಟಿಫಿಕೇಟ್ ತಂದವನು ಮೊದಲು ಅಕ್ಕನ ಕೈಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ನಿನ್ನ ಹೆಸರೈತಿ. ಅಪ್ಪನ ಹೆಸರೂ ಐತಿ,” ಎಂದಳು. ಅದನ್ನು ನನಗೆ ಮರಳಿ ಕೊಟ್ಟಳು.

“ನಾ ವೆನ್ಸ್‌ಡೇದಾಗಿನ ಡಿ ಆದೆ ನೋಡು, ತಮ್ಮಾ.”