ಬಾವಿಕಟ್ಟೆಯ ದ್ರಾಕ್ಷಿಯ ವೈನು

ಅಮ್ಮ ಮದುವೆಯಾಗಿ ಬೈಂದೂರಿನ ಕಡೆಯಿಂದ ಬ್ರಹ್ಮಾವರಕ್ಕೆ ಬರುವಾಗ ಟ್ರಂಕಿನ ಜೊತೆಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ದ್ರಾಕ್ಷಿ ಕಡ್ಡಿಯನ್ನೂ ತಂದಿದ್ದಳು. ಹೊಳೆಗೆ ಸೇತುವೆ ಇಲ್ಲದ ಕಾಲ. ಬಸ್ಸು ಇಳಿದು ದೋಣಿ, ದೋಣಿ ಇಳಿದು ಮತ್ತೆ ಬಸ್ಸು. ಟ್ರಂಕನ್ನು ಅಪ್ಪನಿಗೆ ಹೊರಿಸಿ, ಕಡ್ಡಿಯನ್ನು ಮಾತ್ರ ತಾನೇ ಮಡಿಲಲ್ಲಿ ಇಟ್ಟುಕೊಂಡಿದ್ದಳಂತೆ. ಅದು ಅವಳ ತಾಯಿ ನೆಟ್ಟ ಬಳ್ಳಿಯದು. ಮುಂದೆ ಆ ತಾಯಿಯೂ ತೀರಿಕೊಂಡರು, ತವರಿನ ಬಳ್ಳಿಯೂ ಒಣಗಿತು. ಉಳಿದದ್ದು ನಮ್ಮ ಬಾವಿಕಟ್ಟೆಯ ಚಪ್ಪರಕ್ಕೆ ಹಬ್ಬಿದ ಬಳ್ಳಿ ಒಂದೇ.

ನಮ್ಮ ಕರಾವಳಿಯ ಮಳೆಗೆ ದ್ರಾಕ್ಷಿ ಬಾಳುವುದೇ ಕಷ್ಟ. ಅಮ್ಮ ಒಲೆಯ ಬೂದಿ, ಮೀನು ತೊಳೆದ ನೀರು, ಸಾಕಷ್ಟು ಬೈಗುಳ ಎಲ್ಲವನ್ನೂ ಹಾಕಿ ಅದನ್ನು ಬೆಳೆಸಿದ್ದಳು. ಬೇಸಿಗೆಯಲ್ಲಿ ಕಪ್ಪು ಗೊಂಚಲು ಬಿಡುತ್ತಿತ್ತು. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ತಿಂದರೆ ನಾಲಿಗೆ ಜಗ್ಗಿ ಹಿಡಿಯುವ ಒಗರು. ಕದ್ದು ತಿನ್ನುವ ಚಟವಿದ್ದ ನಾವು ಮಕ್ಕಳು ಕೂಡ ಅದರ ತಂಟೆಗೆ ಹೋಗುತ್ತಿರಲಿಲ್ಲ.

ಕ್ರಿಸ್‌ಮಸ್ಸಿಗೆಂದು ಬೇಸಿಗೆಯಲ್ಲೇ ನಮ್ಮಲ್ಲಿ ಎರಡು ಭರಣಿ ವೈನು ಹಾಕುತ್ತಿದ್ದರು. ಪಾನನಿರೋಧದ ಕಾಲ ಅದು. ಆದರೂ ಹಬ್ಬದ ಭರಣಿಯ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ನಾವೂ ಹೇಳುತ್ತಿರಲಿಲ್ಲ. ಒಂದು ಭರಣಿಗೆ ಅಪ್ಪ ಕುಂದಾಪುರ ಪೇಟೆಯಿಂದ ತಂದ ಸಿಹಿ ದ್ರಾಕ್ಷಿ. ಇನ್ನೊಂದಕ್ಕೆ ಬಾವಿಕಟ್ಟೆಯದು ಮಾತ್ರ. ಇದು ಸ್ವಲ್ಪ, ಅದು ಸ್ವಲ್ಪ ಸೇರಿಸಿದರೆ ಆಗದೇ ಎಂದು ಅಪ್ಪ ಪ್ರತಿವರ್ಷ ಹೇಳುವುದು, ಬೆರಕೆ ಬೇಡ ಎಂದು ಅಮ್ಮ ಪ್ರತಿವರ್ಷ ತಲೆಯಾಡಿಸುವುದು. ತನ್ನ ಭರಣಿಗೆ ಅವಳು ಲವಂಗ, ಚಕ್ಕೆ ಹಾಕುತ್ತಿರಲಿಲ್ಲ. ಸಕ್ಕರೆಯೂ ಕಡಿಮೆ. ಬಾಯಿಗೆ ಬಟ್ಟೆ ಕಟ್ಟಿ, ದಿನಾ ಮರದ ಸೌಟಿನಿಂದ ಕಲಕಿ, ಸೋಸಿ ಬಾಟಲಿಗೆ ತುಂಬಿದರೆ ನೇರಳೆ ಹಣ್ಣಿನ ರಸದಂತೆ ಕಪ್ಪಾಗಿ ಕಾಣುತ್ತಿತ್ತು.

ಅಪ್ಪನ ಮನೆತನದ ಪದ್ಧತಿ ಏನೆಂದರೆ, ಹಬ್ಬದ ದಿನ ಮೊದಲು ಕುಸ್ವಾರ್ ತಟ್ಟೆ, ಅಂದರೆ ನೆವ್ರಿ, ಕಿಡಿಯೊ, ಕೇಕಿನಂಥ ಸಿಹಿತಿಂಡಿ. ಬಾಯಿ ಪೂರ್ತಿ ಸಿಹಿಯಾದ ಮೇಲೆ ಪುಟ್ಟ ಗ್ಲಾಸಿನಲ್ಲಿ ವೈನು. ಊಟಕ್ಕೆ ಕುಳಿತರೆ ವೈನಿನ ಬಾಟಲಿ ಕಪಾಟಿನ ಒಳಗೆ. ಜಿಲೇಬಿ ತಿಂದವನಿಗೆ ಚಹಾ ಸಪ್ಪೆ ಎನಿಸದಿರುತ್ತದೆಯೇ? ಪೇಟೆ ದ್ರಾಕ್ಷಿಯ ವೈನು ಹೇಗೋ ಸರಿದೂಗುತ್ತಿತ್ತು. ಅಮ್ಮನ ವೈನು ಕುಡಿದವರೆಲ್ಲ ಒಂದು ಕಣ್ಣು ಮುಚ್ಚುತ್ತಿದ್ದರು. "ಇದನ್ನು ಉಪ್ಪಿನಕಾಯಿಗೆ ಹಾಕಬಹುದು" ಎಂದು ಅಪ್ಪ ನಗಿಸುತ್ತಿದ್ದ. ಅಮ್ಮನೂ ನಗುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮ ಮನೆಯನ್ನು ನೋಡಿಯೇ ಮಾಡಿದ ಗಾದೆ ಇರಬೇಕು.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಅಪ್ಪ ಹೊಸ ಹಟ್ಟಿ ಕಟ್ಟುವ ಯೋಚನೆ ಮಾಡಿದ. ದನಗಳಿಗೆ ನೀರು ಹತ್ತಿರವಿರಲಿ ಎಂದು ಬಾವಿಕಟ್ಟೆಯ ಪಕ್ಕದಲ್ಲೇ ಗೂಟ ಹೊಡೆದ. ಹಬ್ಬ ಮುಗಿದ ಕೂಡಲೇ ಬಳ್ಳಿ ಕಡಿಯುವುದೆಂದಾಯಿತು. "ಹಟ್ಟಿ ಆಚೆ ಕಟ್ಟಿದರೆ?" ಎಂದು ಅಮ್ಮ ಒಮ್ಮೆ ಕೇಳಿದಳು. "ಹುಳಿ ದ್ರಾಕ್ಷಿಗೋಸ್ಕರ ದನ ಬಾಯಾರಿಕೆಯಲ್ಲಿ ಸಾಯಬೇಕಾ?" ಎಂದ ಅಪ್ಪ. ಅವಳು ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಸಂಜೆ ಚಪ್ಪರದ ಕೆಳಗೆ ಸುಮ್ಮನೆ ನಿಂತಿರುತ್ತಿದ್ದಳು. ಅದನ್ನು ನೋಡಿ ನನಗೆ ಅಪ್ಪನ ಮೇಲೆ ಬಂದಷ್ಟೇ ಸಿಟ್ಟು ಅವಳ ಮೇಲೂ ಬರುತ್ತಿತ್ತು. ಬಾಯಿಬಿಟ್ಟು ಜಗಳವಾಡಬಾರದೇ!

ಕ್ರಿಸ್‌ಮಸ್ ಮಧ್ಯಾಹ್ನ ಪಕ್ಕದ ಗದ್ದೆಮನೆಯ ಯಜಮಾನರು ಎಂದಿನಂತೆ ಬಂದರು. ಅಪ್ಪನ ಬಾಲ್ಯದ ಗೆಳೆಯರು, ಗಟ್ಟಿ ದನಿಯವರು. ಅಪ್ಪ ಕುಸ್ವಾರ್ ತಟ್ಟೆ ಮುಂದಿಟ್ಟರೆ ಅವರು ಕೈಯೆತ್ತಿದರು.

"ಬ್ಯಾಡ ಮಾರಾಯ. ಸಕ್ರಿ ಕಾಯ್ಲಿ ಅಂಬ್ರ್. ಸಿಹಿ ಮುಟ್ಟುಕಾಗ ಅಂತ ಡಾಕ್ಟ್ರ್ ಹೇಳಿರ್."

ಹಬ್ಬದ ದಿನ ಬಂದವರನ್ನು ಬರೀ ಬಾಯಲ್ಲಿ ಕಳಿಸುವುದುಂಟೇ? ಅಪ್ಪ ಕಕ್ಕಾಬಿಕ್ಕಿಯಾದ. ಅಮ್ಮ ಒಳಗೆ ಹೋಗಿ, ಒಲೆಯ ಮೇಲಿದ್ದ ಕಾಯಿತುರಿಯ ಕೋಳಿ ಸುಕ್ಕವನ್ನು ಅಕ್ಕಿಯ ಸನ್ನದ ಜೊತೆ ತಂದಿಟ್ಟಳು. ಪೇಟೆ ದ್ರಾಕ್ಷಿಯ ವೈನನ್ನು ಅಪ್ಪ ಬೆಳಗ್ಗೆಯೇ ಬಂದವರಿಗೆಲ್ಲ ಧಾರಾಳವಾಗಿ ಹಂಚಿ ಮುಗಿಸಿದ್ದ. ಅಮ್ಮ ತನ್ನ ಬಾಟಲಿಯಿಂದಲೇ ಗ್ಲಾಸು ತುಂಬಿದಳು. ಯಾವತ್ತೂ ಕೊಟ್ಟು ಒಳಗೆ ಹೋಗುವವಳು ಆ ದಿನ ಬಾಗಿಲ ಹತ್ತಿರವೇ ನಿಂತಳು.

ಯಜಮಾನರು ಖಾರದ ಕೋಳಿ ತಿಂದು, ಹುಶ್ ಎಂದು, ಒಂದು ಗುಟುಕು ಕುಡಿದರು. ಮತ್ತೊಂದು ತುಂಡು, ಮತ್ತೊಂದು ಗುಟುಕು.

"ಹ್ವಾಯ್, ಇದೆಂತ ಮಾರಾಯ! ಕೋಳಿ ತಿಂದ್ರೆ ಇದ್ ಬೇಕಾತ್ತ್, ಇದ್ ಕುಡುದ್ರೆ ಕೋಳಿ ಬೇಕಾತ್ತ್. ನೀ ಕುಡ್ದ್ ಕಂಡಿದ್ಯಾ?"

ಅಪ್ಪ ನಗುತ್ತಾ, ಗೆಳೆಯನ ಮನಸ್ಸಿಗಾಗಿ ಎಂಬಂತೆ, ಒಂದು ತುಂಡು ಬಾಯಿಗಿಟ್ಟು ಕುಡಿದ. ಕಣ್ಣು ಮುಚ್ಚಲಿಲ್ಲ. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ, ಇನ್ನೊಮ್ಮೆ ಕುಡಿದ. ಆಮೇಲೆ ನಾನೂ ಒಂದು ತುಂಡು ಕೋಳಿ ತಿಂದು, ವೈನಿಗೆ ಬೆರಳದ್ದಿ ನೆಕ್ಕಿದೆ. ಕಾಯಿ, ಮೆಣಸಿನ ರುಚಿಯ ಮೇಲೆ ಆ ಒಗರು ಕೂತು, ಬಾಯಿ ಹೊಸದಾದಂತೆ ಆಯಿತು. ಇಷ್ಟು ವರ್ಷ ನಾವು ಅದಕ್ಕೆ ತಪ್ಪು ಎಲೆ ಹಾಕಿ ಬಡಿಸುತ್ತಿದ್ದೆವು.

ಯಜಮಾನರು ಬಾಗಿಲ ಕಡೆ ತಿರುಗಿದರು. "ಬಾಯಮ್ಮ, ಹಿಂಗೆ ಕುಡೀಕಂತ ನಿಮಗ್ ಗೊತ್ತಿತ್ತಾ?"

"ಗೊತ್ತಿತ್ ಅಣ್ಣಯ್ಯ. ನಮ್ಮಮ್ಮ ಇದನ್ ಮಾಂಸದ್ ಒಟ್ಟಿಗೇ ಕೊಡ್ತಿದ್ದಿದ್ರ್."

"ಮತ್ತೆ ಹೇಳುಕಾಗ್ದಾ?"

"ಇಲ್ಲಿ ಯಾರೂ ಕೇಣ್ಲಿಲ್ಲೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಪ್ಪ ಏನಾದರೂ ತಮಾಷೆ ಮಾಡಿ ಪಾರಾಗುತ್ತಿದ್ದ. ಅವನು ಗ್ಲಾಸು ಕೆಳಗಿಟ್ಟು ಕಿಟಕಿಯಾಚೆ ಬಾವಿಕಟ್ಟೆಯನ್ನು ನೋಡಿದ, ತಾನೇ ಹೊಡೆದ ಗೂಟಗಳನ್ನು ನೋಡಿದ. ಆಮೇಲೆ ಅಮ್ಮನ ಮುಖ ನೋಡಿದ.

"ಕೇಂತಾ?" ಎಂದು ಅವಳನ್ನು ಕರೆದ ಕೊನೆಗೆ, ಗೆಳೆಯನೆದುರೇ. "ಹಟ್ಟಿ ಎಲ್ಲಿ ಕಟ್ಟುದ್?"

ಅಪ್ಪ ಅವಳನ್ನು ಹಾಗೆ ಕೇಳಿದ್ದು ನನ್ನ ತಿಳಿವಳಿಕೆಯಲ್ಲಿ ಅದೇ ಮೊದಲು. ಅಮ್ಮ ಖಾಲಿಯಾದ ತಟ್ಟೆಯನ್ನು ಎತ್ತಿಕೊಂಡಳು, ಯಜಮಾನರಿಗೆ ಇನ್ನೊಂದು ಸನ್ನ ತರಲೇ ಎಂದು ವಿಚಾರಿಸಿದಳು. ಆಮೇಲೆ ಒಳಗೆ ಹೋಗುತ್ತಾ ಹೇಳಿದಳು:

"ಕಾಂಬ. ಯೋಚ್ನಿ ಮಾಡಿ ಹೇಳ್ತೆ."