ವೆನಿಸ್ ಕುರಿತು ನಾನು ಬರೆದ ಭಾಷಣ

ಕಂಡ ಊರಿಗಿಂತ ಕಾಣದ ಊರನ್ನು ಮನುಷ್ಯ ಹೆಚ್ಚು ಗೌರವಿಸುತ್ತಾನೆ. ಇದು ಬಹಳ ಹೊತ್ತು ಕೂತು ಚಿಂತಿಸಬೇಕಾದ ವಿಷಯ. ನಾನು ಚಿಂತಿಸಿದ್ದು ತಿರುವನಂತಪುರದ ಶ್ರೀಕಾರ್ಯಂ ಮಾರ್ಕೆಟ್ಟಿನ ಎದುರು ಬಸ್ಸಿಗೆ ಕಾಯುತ್ತ ನಿಂತಿದ್ದ ನಾಲ್ಕು ನಿಮಿಷ. ಅಷ್ಟರಲ್ಲಿ ಬಸ್ಸು ಬಂತು.

ಕಾಣದ ಊರು ಎಂದರೆ ಇಲ್ಲಿ ವೆನಿಸ್. ಅದನ್ನು ಕಂಡು ಬಂದವಳು ನನ್ನ ಮಗಳು, ಗೌರವಿಸುತ್ತಿದ್ದವನು ನಾನು.

ತಿರುವನಂತಪುರದಲ್ಲಿ ನಾವು ಕನ್ನಡದವರು ಕಟ್ಟಿಕೊಂಡ ಸಣ್ಣದೊಂದು ಬಳಗವಿದೆ. ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಗಳವರು, ರಾಕೆಟ್ಟಿನವರು, ನನ್ನಂತೆ ಮರಗೆಣಸಿನ ಸಂಶೋಧನೆಯವರು, ಹೀಗೆ ವರ್ಗವಾಗಿ ಬಂದು ಇಲ್ಲೇ ಉಳಿದುಹೋದ ಮನೆಗಳು. ಬಳಗಕ್ಕೊಂದು ನಿಯಮ: ಸದಸ್ಯರಾಗಲಿ ಅವರ ಮಕ್ಕಳಾಗಲಿ ಸಮುದ್ರ ದಾಟಿ ಬಂದರೆ, ಮುಂದಿನ ಸಭೆಯಲ್ಲಿ ಎದ್ದು ನಿಂತು, ಕನ್ನಡದಲ್ಲಿ, ಹತ್ತು ನಿಮಿಷ ಅನುಭವ ಹೇಳಬೇಕು. ಇದುವರೆಗೆ ಸಿಂಗಪುರ ನಾಲ್ಕು ಸಲ, ದುಬೈ ಏಳು ಸಲ ಆಗಿದೆ. ಹನ್ನೊಂದು ಸಲವೂ ಆ ಊರು ಬಹಳ ಸ್ವಚ್ಛವಾಗಿತ್ತು. ನಿಯಮವನ್ನು ತಂದವನು ಕಾರ್ಯದರ್ಶಿಯಾದ ನಾನೇ. ಅದು ಒಂದು ದಿನ ನನ್ನ ಮನೆಯ ಬಾಗಿಲನ್ನೂ ತಟ್ಟಬಹುದೆಂದು ಆಗ ಹೊಳೆದಿರಲಿಲ್ಲ.

ಮಗಳಿಗೆ ಇಪ್ಪತ್ನಾಲ್ಕು. ಹುಟ್ಟಿದ್ದು, ಓದಿದ್ದು ಇಲ್ಲೇ. ಕೆಲಸ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ, ಒಂದು ಹಡಗು ಏಜೆನ್ಸಿಯಲ್ಲಿ. ವಲ್ಲಾರ್ಪಾಡಂ ಬಂದರಿನಲ್ಲಿ ಇಳಿಯುವ ಕಂಟೇನರುಗಳ ಕಾಗದಪತ್ರ ನೋಡಿಕೊಳ್ಳುತ್ತಾಳೆ. ಎರ್ನಾಕುಲಂ ಜೆಟ್ಟಿಯಿಂದ ದಿನವೂ ಬೋಟಿನಲ್ಲಿ ಆಫೀಸಿಗೆ ಹೋಗುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮಲಯಾಳದಲ್ಲಿ ಉತ್ತರಿಸುತ್ತಾಳೆ. ಈ ಏರ್ಪಾಡಿಗೆ ಹದಿನಾಲ್ಕು ವರ್ಷ. ಅವಳು ಹತ್ತು ವರ್ಷದವಳಿದ್ದಾಗ ಬಳಗದ ಮಕ್ಕಳ ಕಾರ್ಯಕ್ರಮದಲ್ಲಿ ಕಥೆ ಹೇಳಹೋಗಿ ತಪ್ಪುತಪ್ಪಾಗಿ ಮಾತಾಡಿದಳು. ಸಭೆ ನಕ್ಕಿತು. ಪ್ರೀತಿಯಿಂದಲೇ ನಕ್ಕಿತು, ಆದರೆ ಹತ್ತು ವರ್ಷದವರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ನಕ್ಕವರಲ್ಲಿ ನಾನೂ ಇದ್ದೆ.

ಈ ವರ್ಷ ಅವಳು ಬೆನ್ನಿಗೊಂದು ಚೀಲ ಹಾಕಿಕೊಂಡು ಇಬ್ಬರು ಗೆಳತಿಯರೊಂದಿಗೆ ಹನ್ನೆರಡು ದಿನ ಇಟಲಿ ಸುತ್ತಿ ಬಂದಳು. ಅದರಲ್ಲಿ ಎರಡು ದಿನ ವೆನಿಸ್. ಚೀಲ ಇಳಿಸುವುದಕ್ಕೂ ಬಿಡದೆ ಕೇಳಿದೆ.

“ವೆನಿಸ್ ಹೇಗಿತ್ತಮ್ಮಾ?”

“ಕೊಳ್ಳಾಂ.”

ಮಲಯಾಳದ ಈ ಮಾತನ್ನು ಹೋಟೆಲಿನ ಸಾಂಬಾರಿಗೂ ಹೇಳಬಹುದು, ನೆಂಟರ ಮನೆಯ ಹೊಸ ಸೋಫಾಕ್ಕೂ ಹೇಳಬಹುದು. ನಾವು ‘ಪರವಾಗಿಲ್ಲ’ ಎನ್ನುತ್ತೇವಲ್ಲ, ಅಷ್ಟೇ ಉಗುರುಬೆಚ್ಚಗಿನದು.

“ಪರವಾಗಿಲ್ಲವಾ! ಇಡೀ ಜಗತ್ತು ಅಲ್ಲಿ ಹೋಗಿ ಬಾಯಿ ಬಿಟ್ಕೊಂಡು ನಿಲ್ಲುತ್ತೆ ಕಣೇ!”

ನೀರು, ಬೋಟು, ಜೆಟ್ಟಿ, ಕ್ಯೂ; ತಾನು ದಿನಾ ಆಫೀಸಿಗೆ ಹೋಗುವುದೇ ಹಾಗಲ್ಲವೇ ಎಂದು ಮಲಯಾಳದಲ್ಲಿ ಹೇಳಿ ಸ್ನಾನಕ್ಕೆ ಹೋದಳು.

ಭಾಷಣದ ಮಾತೆತ್ತಿದಾಗ “ಎನಿಕ್ಕು ವಯ್ಯ” ಎಂದಳು, ನನ್ನ ಕೈಲಾಗದು ಎಂದು. ಅಡುಗೆಮನೆಯಿಂದ ನನ್ನ ಹೆಂಡತಿ, “ರೀ, ಕಾರ್ಯದರ್ಶಿ ಮಗಳೇ ಮಾತಾಡ್ಲಿಲ್ಲ ಅಂದ್ರೆ ಇನ್ನು ದುಬೈನೋರನ್ನ ಯಾವ ಮುಖ ಇಟ್ಕೊಂಡು ಎಬ್ಬಿಸಿ ನಿಲ್ಲಿಸ್ತೀರಿ?” ಎಂದು ಕೇಳಿದಳು. ಮೂರನೆಯ ದಿನ ಮಗಳು ಒಪ್ಪಿದಳು, ಒಂದು ಷರತ್ತಿನ ಮೇಲೆ. ತನ್ನ ಕನ್ನಡ ಕೇಳಿ ಈ ಸಲವೂ ಯಾರಾದರೂ ನಕ್ಕರೆ, ಇನ್ನು ಜೀವಮಾನದಲ್ಲಿ ತನ್ನ ಬಾಯಿಂದ ಆ ಭಾಷೆ ಬರುವುದಿಲ್ಲ, ಅಪ್ಪನೂ ಕೇಳಕೂಡದು. ಒಪ್ಪಿದೆ.

ನಗುವಿಗೆ ಎಡೆಯೇ ಇರದಂತೆ ಮಾಡಲು ಭಾಷಣವನ್ನು ನಾನೇ ಬರೆದೆ. ಅವಳಿಗೆ ಕನ್ನಡ ಅಕ್ಷರ ಓದಲು ಬಾರದಾದ್ದರಿಂದ ಕನ್ನಡದ ಮಾತುಗಳನ್ನು ಮಲಯಾಳ ಲಿಪಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ವೆನಿಸ್ಸನ್ನು ನೋಡಿಲ್ಲವಾದ್ದರಿಂದ ವರ್ಣಿಸಲು ಯಾವ ಅಡ್ಡಿಯೂ ಇರಲಿಲ್ಲ. ನಾಲ್ಕು ಪುಟವಾಯಿತು.

ಭಾನುವಾರ ಮಧ್ಯಾಹ್ನ ಸಭೆ. ಮುಂದಿನ ಸಾಲಿನಲ್ಲಿ ನಮ್ಮ ಅಧ್ಯಕ್ಷರು. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ಮೈಸೂರಿನವರು, ವೆನಿಸ್ಸನ್ನು ನನ್ನಷ್ಟೇ ನೋಡಿದ್ದರು, ನನ್ನಷ್ಟೇ ಗೌರವಿಸುತ್ತಿದ್ದರು. ಮಗಳು ಎದ್ದು ನಿಂತು ಕಾಗದ ಬಿಡಿಸಿದಳು.

“ಜಲದೇವಿಯ ಮಡಿಲಲ್ಲಿ ಪವಡಿಸಿರುವ ಆ ಅಮರ ನಗರಿಯನ್ನು ಕಂಡಾಕ್ಷಣ ನನ್ನ ಕಣ್ಣಾಲಿಗಳು ತೇವಗೊಂಡವು.”

ನಿಲ್ಲಿಸಿದಳು. ಮುಂದಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಳೆಂದು ಕಾಣುತ್ತದೆ. ಕಾಗದ ಮಡಿಸಿದಳು.

“ಇದು ಅಪ್ಪ ಬರೆದದ್ದು,” ಎಂದಳು. “ನನ್ನ ಕಣ್ಣು ಒದ್ದೆ ಆಗಿಲ್ಲ. ಶೂ ಒದ್ದೆ ಆಯ್ತು.”

ಸಭೆ ಗೊಳ್ಳೆಂದು ನಕ್ಕಿತು. ಅವಳು ನಗುವವರನ್ನು ನೋಡಿದಳು, ಅವರೆಲ್ಲ ಯಾರ ಕಡೆ ತಿರುಗಿದ್ದಾರೆಂದು ನೋಡಿದಳು. ತಿರುಗಿದ್ದು ನನ್ನ ಕಡೆ. ಆಗ ಅವಳೂ ನಕ್ಕಳು.

“ಗೊಂಡೋಲಾ ದೋಣಿ ಹತ್ತಿದ್ಯೇನಮ್ಮಾ?” ಅಧ್ಯಕ್ಷರು ಕೇಳಿದರು.

“ಇಲ್ಲ ಅಂಕಲ್.”

“ಆ ದೊಡ್ಡ ಚರ್ಚು?”

“ಹೊರಗಿಂದ. ಕ್ಯೂ ಇತ್ತು.”

“ಮತ್ತೆ ಎರಡು ದಿನ ಏನ್ ಮಾಡ್ದೆ?”

“ಸಾಮಾನು ಬರೋದು ನೋಡ್ದೆ.”

ಅಧ್ಯಕ್ಷರು ಕನ್ನಡಕ ತೆಗೆದರು. ಮಗಳು ಮೇಜಿನ ಮೇಲೆ ಬೆರಳಿನಿಂದ ಕಾಲುವೆ ಎಳೆದಳು.

“ಅಲ್ಲಿ ಲಾರಿ ಇಲ್ಲ. ಒಂದೂ ಇಲ್ಲ. ಒಬ್ಬರ ಮನೆಗೆ ವಾಷಿಂಗ್ ಮಷಿನ್ ಬರಬೇಕು, ಹೇಗೆ? ಬೋಟಲ್ಲಿ. ಬೋಟಲ್ಲೇ ಸಣ್ಣ ಕ್ರೇನ್ ಇದ್ದಾಳೆ, ಅವಳು ಎತ್ತಿ ಇಡ್ತಾಳೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಈ ನಗು ನನ್ನ ಮೇಲಲ್ಲ. ನಾನು ನೆಲ ನೋಡಿದೆ. “ಸುಮ್ನಿರ್ರೀ, ಸಾಮಾನು ಮನೆ ಮುಟ್ಲಿ,” ಎಂದು ಅಂಚೆ ಕಚೇರಿಯಿಂದ ನಿವೃತ್ತರಾದ ಹಾಸನದ ಹಿರಿಯ ಹೆಂಗಸೊಬ್ಬರು ಗದರಿದರು. ಮಗಳು ಆ ಕಿಸಕ್ಕೆಂದ ದಿಕ್ಕಿಗೆ ಒಂದು ಗಳಿಗೆ ನೋಡಿದಳು. ಆಮೇಲೆ ಕ್ರೇನನ್ನು ಹೆಣ್ಣಾಗಿಯೇ ಉಳಿಸಿಕೊಂಡು ಮುಂದುವರಿದಳು.

“ಆಮೇಲೆ ಕೈಗಾಡಿ. ಆದ್ರೆ ದಾರೀಲಿ ಸೇತುವೆ, ಸೇತುವೆಗೆ ಮೆಟ್ಟಿಲು. ಅದಕ್ಕೆ ಗಾಡಿಗೆ ದೊಡ್ಡ ಚಕ್ರ ಎರಡು, ಮುಂದೆ ಕುಞ್ಞಿ ಚಕ್ರ ಎರಡು.” ಹೆಬ್ಬೆರಳು, ತೋರುಬೆರಳಿನಲ್ಲಿ ಅಳತೆ ತೋರಿಸಿದಳು. “ಕುಞ್ಞಿ ಚಕ್ರ ಮೆಟ್ಟಿಲ ಮೇಲೆ ಕೂತರೆ ಭಾರ ಜಾರಲ್ಲ. ನಾನು ಒಬ್ಬರ ಹಿಂದೆ ಏಳು ಸೇತುವೆ ಹೋದೆ. ಅವರು ತಿರುಗಿ ನೋಡಿದ್ರು. ‘ಕೊಚ್ಚಿನ್, ಪೋರ್ಟ್’ ಅಂದೆ. ಎಂಟನೇ ಸೇತುವೆಗೆ ಗಾಡಿ ನನ್ನ ಕೈಗೆ ಕೊಟ್ರು.”

“ಹತ್ತಿಸ್ದ್ಯಾ?” ಅಂಚೆ ಕಚೇರಿಯ ಹಿರಿಯರು ಕೇಳಿದರು.

“ಅರ್ಧ.”

“ಗ್ಯಾಸ್ ಸಿಲಿಂಡರೂ ಹಂಗೇ ಬರ್ತದಾ?”

“ಅದು ಪೈಪಲ್ಲಿ ಆಂಟಿ.”

“ಪುಣ್ಯವಂತ್ರು. ಕಸ?”

“ಕಸಕ್ಕೂ ಬೋಟೇ.”

ಸಿಂಗಪುರದ ಗೋಪುರಗಳ ಮುಂದೆ ತೂಕಡಿಸಿದ್ದ ಸಭೆ ಈಗ ಕುರ್ಚಿ ಮುಂದಕ್ಕೆ ಎಳೆದುಕೊಂಡಿತು. ಆಸ್ಪತ್ರೆಗೆ ಹೇಗೆ ಹೋಗುತ್ತಾರೆ, ಬೆಂಕಿ ಬಿದ್ದರೆ ಯಾರು ಬರುತ್ತಾರೆ, ಮನೆ ಬದಲಾಯಿಸುವವರ ಬೀರು ಏನಾಗುತ್ತದೆ. ಜೀವನವಿಡೀ ವರ್ಗಾವಣೆಯಲ್ಲಿ ಸಾಮಾನು ಕಟ್ಟಿದವರ ಪ್ರಶ್ನೆಗಳಿವು. ಪದ ಸಿಗದ ಕಡೆ ಅವಳು ಮಲಯಾಳ ಹಾಕಿದಳು, ಅದೂ ಸಿಗದ ಕಡೆ ಕೈ ಆಡಿಸಿದಳು. ಅಲ್ಲಿಯ ಬೋಟು ಜೆಟ್ಟಿಗೆ ಬರುವಾಗ ಹಗ್ಗ ಎಸೆದು ಗೂಟಕ್ಕೆ ಸುತ್ತುವವಳು ಒಬ್ಬ ಹುಡುಗಿಯಂತೆ, ಗೂಟದ ಕಡೆ ನೋಡುವುದೇ ಇಲ್ಲವಂತೆ.

“ನಮ್ಮ ಎರ್ನಾಕುಲಂ ಬೋಟಲ್ಲಿ ಹಗ್ಗ ಹಾಕೋ ಚೇಟ್ಟನ್ ಕೂಡ ನೋಡಲ್ಲ. ಅವರು ಫೋನಲ್ಲಿ ಮಾತಾಡ್ತಾ ಹಾಕ್ತಾರೆ. ಅದಕ್ಕೆ ಫಸ್ಟ್ ಪ್ರೈಜ್ ಕೊಚ್ಚಿಗೆ.”

ಅಧ್ಯಕ್ಷರು ಚಪ್ಪಾಳೆ ತಟ್ಟಿದರು, ವೆನಿಸ್ಸಿಗೆ ಎರಡನೆಯ ಬಹುಮಾನ ಬಂದದ್ದನ್ನು ಗಮನಿಸದೆ. ನಾನು ತಟ್ಟಲಿಲ್ಲ. ನನ್ನ ಮಗಳು ಹೀಗೆ ನೋಡಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಊಟ ಆಯ್ತಾ, ರೈಲು ಎಷ್ಟೊತ್ತಿಗೆ ಎಂದಲ್ಲದೆ ಇಷ್ಟು ವರ್ಷ ನಾನು ಏನನ್ನೂ ಕೇಳಿರಲಿಲ್ಲ.

ಹತ್ತು ನಿಮಿಷದ ಭಾಷಣ ಮೂವತ್ತೈದು ನಿಮಿಷ ನಡೆಯಿತು. ಸೋಮವಾರ ಬೆಳಗಿನ ರೈಲಿಗೆ ಅವಳು ಕೊಚ್ಚಿಗೆ ಹೊರಟಳು. ತಲುಪಿದ ಮೇಲೆ ಫೋನ್ ಮಾಡಿ, ಬೋಟು ಸಿಕ್ಕಿತೆಂದು ಕನ್ನಡದಲ್ಲಿ ಹೇಳಿದಳು.